ಮೈಕ್ ಹಂಚಿಕೊಳ್ಳದ ತಲ್ಯಾರ್‌ಖಾನ್

ಕಾಮಾಕ್ಷಿಪಾಳ್ಯದ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಗೆ ‘ಶಬ್ದ’ ಪಾಠ. ಹಿಂದಿನ ರಸ್ತೆಯ ಲೇತ್ ಶೆಡ್‌ಗಳ ಸದ್ದನ್ನು ಮೀರಿಸಬೇಕೆಂದು 40 ನಿಮಿಷ ಒಂದೇ ಸಮನೆ ಮಾತನಾಡಿದೆ. ಮಕ್ಕಳು ಬಾಯಿ ತೆರೆದದ್ದು ಹಾಜರಿ ಕೂಗಿದಾಗ ಮಾತ್ರ. ವಿಷಯ ಸರಿಯಾಗಿದೆ, ಆದರೆ ತರಗತಿಯಲ್ಲಿ ನಾನೊಬ್ಬನೇ ಇದ್ದಂತಿತ್ತು ಎಂದು ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಬರೆದರು. ಬೇಜಾರಾಯಿತು. ಅಷ್ಟು ಚೆನ್ನಾಗಿ ವಿವರಿಸಿದ್ದೆನಲ್ಲ!

ಅದೇ ಪಾಠಕ್ಕೆ ರೇಡಿಯೊ ಕುರಿತು ಮಾಹಿತಿ ಹುಡುಕುವಾಗ ಎ.ಎಫ್.ಎಸ್. ತಲ್ಯಾರ್‌ಖಾನರ ಬಗ್ಗೆ ಓದಿದೆ. ಪೂರ್ಣ ಹೆಸರು ಅರ್ದೇಶಿರ್ ಫರ್ದೋರ್ಜಿ ಸೊಹ್ರಾಬ್ಜಿ, ಎಲ್ಲರಿಗೂ ಬಾಬಿ. 1897ರಲ್ಲಿ ಹುಟ್ಟಿದ ಮುಂಬೈ ಪಾರ್ಸಿ. ಕ್ರಿಕೆಟ್‌ನಲ್ಲಿ ಹೆಸರು ತಂದದ್ದು ಬ್ಯಾಟಲ್ಲ, ಮಾತು.

ಆಗ ಮುಂಬೈಯ ದೊಡ್ಡ ಪಂದ್ಯಾವಳಿ ಕ್ವಾಡ್ರ್ಯಾಂಗ್ಯುಲರ್. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ಧರ್ಮ, ಜನಾಂಗಗಳ ಮೇಲೆ ತಂಡ ಕಟ್ಟುತ್ತಿದ್ದರು (ಇಂದು ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ). 1934ರಲ್ಲಿ ಎಸ್ಪ್ಲನೇಡ್ ಮೈದಾನದಲ್ಲಿ ನಡೆದ ಪಾರ್ಸಿ–ಮುಸ್ಲಿಂ ಪಂದ್ಯಕ್ಕೆ ತಲ್ಯಾರ್‌ಖಾನ್ ರೇಡಿಯೊದಲ್ಲಿ ಮೊದಲ ಬಾರಿ ವೀಕ್ಷಕ ವಿವರಣೆ ಕೊಟ್ಟರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಶುರುಮಾಡಿದ್ದು ಅದರ ಮರುವರ್ಷ, 1935ರಲ್ಲಿ.

ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಕೆಲಸದ ರೀತಿ. ಊಟದ ಮತ್ತು ಚಹಾದ ವಿರಾಮ ಬಿಟ್ಟರೆ ಇಡೀ ದಿನದ ಆಟವನ್ನು ಅವರೊಬ್ಬರೇ ಹೇಳುತ್ತಿದ್ದರು. ಜೊತೆಗಾರರಿಲ್ಲ. ನಾನು 40 ನಿಮಿಷಕ್ಕೇ ಗಂಟಲು ಕಟ್ಟಿಕೊಂಡವನು! ಕಣ್ಣಿಗೆ ಕಾಣದ ಆಟವನ್ನು ಕಿವಿಗೆ ಮುಟ್ಟಿಸಬೇಕು, ಸುಮ್ಮನಾದರೆ ಕೇಳುಗನಿಗೆ ಮೈದಾನವೇ ಇಲ್ಲ. ಆ ದನಿಯಿಂದಲೇ ಅವರು ಮನೆಮಾತಾದರು.

1948–49ರಲ್ಲಿ ವೆಸ್ಟ್ ಇಂಡೀಸ್ ತಂಡ ಮೊದಲ ಬಾರಿಗೆ ಭಾರತಕ್ಕೆ ಬಂತು. ವಿವರಣೆಗೆ ಮೂವರಿರಲಿ ಎಂದು ರೇಡಿಯೊದವರು ತೀರ್ಮಾನಿಸಿದರು. ತಲ್ಯಾರ್‌ಖಾನ್ ಒಪ್ಪಲಿಲ್ಲ, ಮೈಕ್ ಹಂಚಿಕೊಳ್ಳುವುದಕ್ಕಿಂತ ಬಿಡುವುದೇ ಮೇಲೆಂದು ಹಿಂದೆ ಸರಿದರು. ಆ ಸರಣಿಯಲ್ಲಿ ಎವರ್ಟನ್ ವೀಕ್ಸ್ ಸತತ ನಾಲ್ಕು ಇನಿಂಗ್ಸ್‌ಗಳಲ್ಲಿ ಶತಕ ಬಾರಿಸಿದರು. ಕೊನೆಯ ಟೆಸ್ಟ್ ಮುಂಬೈಯ ಬ್ರಬೋರ್ನ್ ಕ್ರೀಡಾಂಗಣದಲ್ಲಿ. ಗೆಲ್ಲಲು 361 ಬೇಕಿದ್ದ ಭಾರತ 8 ವಿಕೆಟ್‌ಗೆ 355ಕ್ಕೆ ಬಂದಾಗ ಆಟ ಮುಗಿಯಿತು. ಆರೇ ಆರು ರನ್ ಕಡಿಮೆ. ತನ್ನದೇ ಊರಿನಲ್ಲಿ ಅಂಥ ಸಂಜೆ, ಆದರೆ ಮೈಕಿನ ಮುಂದೆ ಅವರಿರಲಿಲ್ಲ. ಅದು ಸ್ವಾಭಿಮಾನವೋ ಹಟವೋ? ನನಗೆ ಎರಡೂ ಅನ್ನಿಸುತ್ತದೆ. ಹಟವೇ ಒಂದು ಪಾಲು ಹೆಚ್ಚು.

1954–55ರ ಪಾಕಿಸ್ತಾನ ಪ್ರವಾಸಕ್ಕೆ ಅಲ್ಪಕಾಲ ರೇಡಿಯೊಗೆ ಮರಳಿದರು. ಉಳಿದಂತೆ ಪೆನ್ನೇ ಅವರ ಮೈಕ್. ಪತ್ರಿಕೆಗಳಲ್ಲಿ ದಶಕಗಳ ಕಾಲ ಕ್ರೀಡಾ ಅಂಕಣ ಬರೆದರು; ‘ಆನ್ ವಿತ್ ದ ಗೇಮ್’ ಎಂಬ ಪುಸ್ತಕವೂ ಇದೆ. ಅಂಕಣದಲ್ಲಿ ಜಾಗ ಹಂಚಿಕೊಳ್ಳುವ ತಕರಾರೇ ಇಲ್ಲವಲ್ಲ. 1990ರಲ್ಲಿ ತೀರಿಕೊಂಡರು.

ಮರುವಾರ ಅದೇ ತರಗತಿಗೆ ಕಂಪನದ ಪಾಠ. ರಬ್ಬರ್ ಬ್ಯಾಂಡ್ ಮೀಟಿ ತೋರಿಸಿ, ಏನು ಕಂಡಿತು ಹೇಳಿ ಎಂದು ಸುಮ್ಮನೆ ನಿಂತೆ. ಮೊದಲ ಅರ್ಧ ನಿಮಿಷ ನನಗೇ ಕಷ್ಟವಾಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ತನ್ನಪ್ಪ ಲೇತ್‌ನ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆ ಅಂತ ಹೇಳುತ್ತಾರೆ, ಅದು ಹೇಗೆ ಸಾರ್ ಎಂದು ಕೇಳಿದ. ಪಕ್ಕದವಳು ನನಗಿಂತ ಮೊದಲೇ ಉತ್ತರ ಹೇಳತೊಡಗಿದಳು. ಗಂಟೆ ಹೊಡೆದಾಗ ನನ್ನ ಪಾಠಯೋಜನೆಯ ಕೊನೆಯ ಎರಡು ಹಂತ ಹಾಗೇ ಉಳಿದಿದ್ದವು.