ಡೆನ್ನಿಸ್ ರಿಚಿ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ (೯ ಸೆಪ್ಟೆಂಬರ್ ೧೯೪೧ – ಅಕ್ಟೋಬರ್ ೨೦೧೧) ಅಮೆರಿಕದ ಗಣಕ ವಿಜ್ಞಾನಿ. ಸಿ ಭಾಷೆಯನ್ನು ರೂಪಿಸಿದವರೆಂದೂ ಕೆನ್ ಥಾಂಪ್ಸನ್ ಅವರೊಡನೆ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ನಿರ್ಮಿಸಿದವರೆಂದೂ ಪ್ರಸಿದ್ಧರು. ದತ್ತಾಂಶ ಪ್ರಕಾರಗಳಿಲ್ಲದ ಬಿ ಭಾಷೆಗೆ ಪ್ರಕಾರಗಳನ್ನು ಸೇರಿಸಿ ಅವರು ಸಿ ಭಾಷೆಯನ್ನು ಬೆಳೆಸಿದರು. ಆ ಬದಲಾವಣೆಯ ಲಾಭ ಮತ್ತು ತೊಡಕುಗಳೆರಡೂ ಪ್ರಿಂಟ್‌ಎಫ್ ಎಂಬ ಮುದ್ರಣ ಫಂಕ್ಷನ್ನಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಜನನ ಮತ್ತು ಶಿಕ್ಷಣ

ರಿಚಿಯವರು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದರು. ತಂದೆ ಅಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದರು. ಕುಟುಂಬವು ನ್ಯೂಜೆರ್ಸಿಯ ಸಮ್ಮಿಟ್ ಪಟ್ಟಣದಲ್ಲಿ ನೆಲೆಸಿದ್ದರಿಂದ ಪ್ರೌಢಶಾಲಾ ಶಿಕ್ಷಣ ಅಲ್ಲಿಯೇ ನಡೆಯಿತು. ೧೯೬೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪದವಿ ಪಡೆದು, ಅಲ್ಲಿಯೇ ಅನ್ವಯಿಕ ಗಣಿತದಲ್ಲಿ ಸಂಶೋಧನೆ ಮುಂದುವರಿಸಿದರು. ೧೯೬೮ರಲ್ಲಿ ಮಹಾಪ್ರಬಂಧವನ್ನು ಬರೆದು ಮುಗಿಸಿದರೂ, ಅದರ ಅಂತಿಮ ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸದ ಕಾರಣ ಡಾಕ್ಟರೇಟ್ ಪದವಿ ಅಧಿಕೃತವಾಗಿ ದೊರೆಯಲಿಲ್ಲ.

ಬೆಲ್ ಪ್ರಯೋಗಾಲಯ

೧೯೬೭ರಲ್ಲಿ ರಿಚಿಯವರು ಬೆಲ್ ಪ್ರಯೋಗಾಲಯದ ಗಣಕ ವಿಜ್ಞಾನ ಸಂಶೋಧನಾ ಕೇಂದ್ರವನ್ನು ಸೇರಿದರು. ಆಗ ಅಲ್ಲಿ ಮಲ್ಟಿಕ್ಸ್ ಎಂಬ ಬೃಹತ್ ಕಾರ್ಯಾಚರಣ ವ್ಯವಸ್ಥೆಯ ಕೆಲಸ ನಡೆದಿತ್ತು. ೧೯೬೯ರಲ್ಲಿ ಪ್ರಯೋಗಾಲಯವು ಆ ಯೋಜನೆಯಿಂದ ಹಿಂದೆ ಸರಿಯಿತು. ಬಳಿಕ ಥಾಂಪ್ಸನ್ ಅವರು ಪಿಡಿಪಿ-೭ ಎಂಬ ಸಣ್ಣ ಯಂತ್ರದ ಮೇಲೆ ಆರಂಭಿಸಿದ ವ್ಯವಸ್ಥೆಯೇ ಯುನಿಕ್ಸ್. ರಿಚಿಯವರು ಮೊದಲಿನಿಂದಲೂ ಈ ಕಾರ್ಯದಲ್ಲಿ ಸಹಭಾಗಿಗಳಾಗಿದ್ದರು.

ಬಿ ಭಾಷೆಯಿಂದ ಸಿ ಭಾಷೆಗೆ

ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್ ಭಾಷೆಯನ್ನು ಸಂಕ್ಷೇಪಿಸಿ ಥಾಂಪ್ಸನ್ ಅವರು ಬಿ ಭಾಷೆಯನ್ನು ರಚಿಸಿದ್ದರು. ಅದರಲ್ಲಿ ಸಂಖ್ಯೆ, ಅಕ್ಷರ, ಸ್ಮೃತಿಯ ವಿಳಾಸ ಎಲ್ಲವೂ ಯಂತ್ರದ ಒಂದು ಪದದಷ್ಟೇ ಗಾತ್ರದವು. ಪ್ರಿಂಟ್‌ಎಫ್ ಫಂಕ್ಷನ್ ಆ ಭಾಷೆಯಲ್ಲಿಯೇ ಇತ್ತು. ಅದಕ್ಕೆ ಮೊದಲು ಒಂದು ವಿನ್ಯಾಸ ಪಠ್ಯವನ್ನು ಕೊಡಬೇಕು. ಪಠ್ಯದಲ್ಲಿ ಶೇಕಡಾ ಚಿಹ್ನೆ ಬಂದಲ್ಲೆಲ್ಲ, ಅದರ ಮುಂದಿನ ಅಕ್ಷರವನ್ನು ನೋಡಿ ಒಂದು ಮೌಲ್ಯವನ್ನು ಅಂಕಿಯಾಗಿಯೋ ಅಕ್ಷರವಾಗಿಯೋ ಮುದ್ರಿಸುವುದು ಅದರ ಕೆಲಸ. ಮೌಲ್ಯಗಳು ಎಷ್ಟು, ಎಂಥವು ಎಂಬುದು ಪ್ರತಿ ಕರೆಯಲ್ಲಿಯೂ ಬದಲಾಗುತ್ತದೆ. ಎಲ್ಲವೂ ಒಂದೇ ಗಾತ್ರದವಾದ್ದರಿಂದ ಬಿ ಭಾಷೆಯಲ್ಲಿ ಇದು ಸುಲಭವಾಗಿತ್ತು. ಮೊದಲ ಮೌಲ್ಯದ ವಿಳಾಸವನ್ನು ಹಿಡಿದು, ಒಂದೊಂದೇ ಪದ ಮುಂದೆ ಸಾಗಿದರೆ ಸಾಕಿತ್ತು.

ಪಿಡಿಪಿ-೧೧ ಯಂತ್ರ ಬಂದಾಗ ಈ ಸರಳತೆ ಉಳಿಯಲಿಲ್ಲ. ಅದು ೧೬ ಬಿಟ್ ಪದದ ಯಂತ್ರ. ಸ್ಮೃತಿಯಲ್ಲಿನ ಪ್ರತಿಯೊಂದು ಬೈಟಿಗೂ ಪ್ರತ್ಯೇಕ ವಿಳಾಸವಿತ್ತು. ಅಕ್ಷರಗಳನ್ನು ಬೈಟುಗಳಾಗಿ ನಿರ್ವಹಿಸಲು ಬಿ ಭಾಷೆ ಒಗ್ಗಲಿಲ್ಲ. ದಶಮಾಂಶ ಸಂಖ್ಯೆಗಳು ಒಂದು ಪದದಲ್ಲಿ ಹಿಡಿಸುವಂತಿರಲಿಲ್ಲ. ಆದ್ದರಿಂದ ರಿಚಿಯವರು ೧೯೭೧ರಿಂದ ೧೯೭೩ರ ಅವಧಿಯಲ್ಲಿ ಅಕ್ಷರ, ಪೂರ್ಣಾಂಕ, ಸರಣಿ, ಪಾಯಿಂಟರ್, ಸ್ಟ್ರಕ್ಚರ್ ಮೊದಲಾದ ಪ್ರಕಾರಗಳನ್ನು ಸೇರಿಸಿ ಹೊಸ ಭಾಷೆಯನ್ನು ರೂಪಿಸಿದರು. ಅದೇ ಸಿ ಭಾಷೆ. ೧೯೭೩ರಲ್ಲಿ ಯುನಿಕ್ಸ್‌ನ ತಿರುಳನ್ನು ಈ ಭಾಷೆಯಲ್ಲಿ ಪುನಃ ಬರೆಯಲಾಯಿತು.

ಪ್ರಿಂಟ್‌ಎಫ್ ಮತ್ತು ಬದಲಾಗುವ ಆರ್ಗ್ಯುಮೆಂಟ್‌ಗಳು

ಪಿಡಿಪಿ-೧೧ರ ಸಿ ಭಾಷೆಯಲ್ಲಿ ಪೂರ್ಣಾಂಕಕ್ಕೆ ೨ ಬೈಟ್, ಮುಂದೆ ಸೇರಿದ ದೀರ್ಘ ಪೂರ್ಣಾಂಕಕ್ಕೆ ೪ ಬೈಟ್, ಡಬಲ್ ಎಂಬ ದಶಮಾಂಶ ಸಂಖ್ಯೆಗೆ ೮ ಬೈಟ್ ಬೇಕಿತ್ತು. ಪ್ರಿಂಟ್‌ಎಫ್‌ಗೆ ದೊರೆಯುವುದು ಸ್ಮೃತಿಯಲ್ಲಿ ಸಾಲಾಗಿ ಜೋಡಿಸಿದ ಬೈಟುಗಳು ಮಾತ್ರ. ಅವುಗಳ ಪ್ರಕಾರವನ್ನು ಸೂಚಿಸುವ ಗುರುತು ಅಲ್ಲಿರುವುದಿಲ್ಲ. ಎಷ್ಟು ಬೈಟ್ ಓದಬೇಕೆಂಬುದನ್ನು ತಿಳಿಸುವುದು ವಿನ್ಯಾಸ ಪಠ್ಯವೊಂದೇ. ತೊಡಕನ್ನು ಕಡಿಮೆ ಮಾಡಲು ಒಂದು ನಿಯಮವಿತ್ತು. ಅದರಂತೆ ಅಕ್ಷರವು ಪೂರ್ಣಾಂಕವಾಗಿಯೂ ಫ್ಲೋಟ್ ಎಂಬ ಚಿಕ್ಕ ದಶಮಾಂಶ ಸಂಖ್ಯೆಯು ಡಬಲ್ ಆಗಿಯೂ ಬದಲಾಗಿ ಫಂಕ್ಷನ್ನಿಗೆ ರವಾನೆಯಾಗುತ್ತಿದ್ದವು. ಇದರಿಂದ ಪ್ರಿಂಟ್‌ಎಫ್ ಎದುರಿಸಬೇಕಾದ ಗಾತ್ರಗಳ ಸಂಖ್ಯೆ ಕಡಿಮೆಯಾಯಿತು.

ಆದರೆ ಪಠ್ಯಕ್ಕೂ ಮೌಲ್ಯಕ್ಕೂ ಹೊಂದಾಣಿಕೆ ತಪ್ಪಿದರೆ ಕಂಪೈಲರ್ ಎಚ್ಚರಿಸುತ್ತಿರಲಿಲ್ಲ. ದೀರ್ಘ ಪೂರ್ಣಾಂಕವನ್ನು ಕೊಟ್ಟು ಸಾಮಾನ್ಯ ಪೂರ್ಣಾಂಕದ ಸಂಕೇತವನ್ನು ಬರೆದರೆ, ಪ್ರಿಂಟ್‌ಎಫ್ ಅದರ ಅರ್ಧವನ್ನು ಮಾತ್ರ ಓದಿ, ಉಳಿದರ್ಧವನ್ನು ಮುಂದಿನ ಮೌಲ್ಯವೆಂದು ಭಾವಿಸುತ್ತಿತ್ತು. ಅಲ್ಲಿಂದ ಮುಂದಿನ ಮೌಲ್ಯಗಳೂ ಸ್ಥಾನ ತಪ್ಪುತ್ತಿದ್ದವು. ೩೨ ಬಿಟ್‌ನ ಇಂಟರ್‌ಡೇಟಾ ೮/೩೨ ಯಂತ್ರಕ್ಕೆ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಅವರು ೧೯೭೭ರ ಸುಮಾರಿಗೆ ಯುನಿಕ್ಸನ್ನು ಒಯ್ದರು. ಅಲ್ಲಿ ಎರಡು ಬಗೆಯ ಪೂರ್ಣಾಂಕಗಳ ಗಾತ್ರವೂ ಒಂದೇ ಆಗಿದ್ದುದರಿಂದ ಇದೇ ತಪ್ಪು ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮ್ ಇನ್ನೊಂದರಲ್ಲಿ ಕೆಡಬಹುದೆಂಬುದು ಇಂಥ ಅನುಭವಗಳಿಂದ ಮನವರಿಕೆಯಾಯಿತು. ಕರೆಗಳಲ್ಲಿನ ಹೊಂದಾಣಿಕೆಯನ್ನು ಪರೀಕ್ಷಿಸಲು ಜಾನ್ಸನ್ ಅವರು ಲಿಂಟ್ ಎಂಬ ತಂತ್ರಾಂಶವನ್ನು ಬರೆದರು. ಆದರೆ ಬದಲಾಗುವ ಆರ್ಗ್ಯುಮೆಂಟ್‌ಗಳ ಫಂಕ್ಷನ್ನುಗಳನ್ನು ಪರೀಕ್ಷೆಯಿಂದ ಬಿಡುವಂತೆ ಲಿಂಟ್‌ಗೆ ವಿಶೇಷ ಟಿಪ್ಪಣಿಯ ಮೂಲಕ ಸೂಚಿಸಬೇಕಾಗಿತ್ತು.

ಪ್ರಮಾಣೀಕರಣ

ಬ್ರಯಾನ್ ಕೆರ್ನಿಘನ್ ಅವರೊಡನೆ ರಿಚಿಯವರು ಬರೆದ ಸಿ ಭಾಷೆಯ ಕೈಪಿಡಿ ೧೯೭೮ರಲ್ಲಿ ಪ್ರಕಟವಾಗಿ, ಹಲವು ವರ್ಷಗಳ ಕಾಲ ಭಾಷೆಯ ಪ್ರಮಾಣಗ್ರಂಥವಾಗಿತ್ತು. ೧೯೮೩ರಲ್ಲಿ ರಚನೆಯಾದ ಅಮೆರಿಕದ ಪ್ರಮಾಣೀಕರಣ ಸಮಿತಿಯು ೧೯೮೯ರಲ್ಲಿ ಅಧಿಕೃತ ಪ್ರಮಾಣವನ್ನು ಹೊರತಂದಿತು. ಫಂಕ್ಷನ್ನಿನ ಆರ್ಗ್ಯುಮೆಂಟ್‌ಗಳ ಪ್ರಕಾರವನ್ನು ಮೊದಲೇ ಘೋಷಿಸುವ ಪದ್ಧತಿ ಸಿ++ ಭಾಷೆಯಿಂದ ಬಂದಿತು. ಎಷ್ಟಾದರೂ ಮೌಲ್ಯಗಳು ಬರಬಹುದೆಂಬುದಕ್ಕೆ ಮೂರು ಚುಕ್ಕೆಗಳ ಗುರುತು ಬಳಕೆಗೆ ಬಂದಿತು.

ಕೆಲವು ಯಂತ್ರಗಳಲ್ಲಿ ಆರ್ಗ್ಯುಮೆಂಟ್‌ಗಳು ಸ್ಮೃತಿಯಲ್ಲಿ ಸಾಲಾಗಿರದೆ ರಿಜಿಸ್ಟರುಗಳಲ್ಲಿ ಬರುತ್ತವೆ. ಅಲ್ಲಿ ವಿಳಾಸ ಹಿಡಿದು ಸಾಗುವ ಹಳೆಯ ಉಪಾಯ ನಡೆಯದು. ಆದ್ದರಿಂದ ಯಂತ್ರಭೇದವನ್ನು ಮರೆಮಾಡುವ ಸಾಧನಗಳನ್ನು ಪ್ರಮಾಣವು ಒದಗಿಸಿತು. ವಿಎ ಲಿಸ್ಟ್ ಸ್ಥಾನವನ್ನು ನೆನಪಿಡುತ್ತದೆ. ವಿಎ ಸ್ಟಾರ್ಟ್ ಆರಂಭಿಸುತ್ತದೆ. ವಿಎ ಆರ್ಗ್ ಮುಂದಿನ ಮೌಲ್ಯವನ್ನು ಕೊಡುತ್ತದೆ. ವಿಎ ಎಂಡ್ ಮುಗಿಸುತ್ತದೆ. ವಿಎ ಆರ್ಗ್‌ಗೆ ಮೌಲ್ಯದ ಪ್ರಕಾರವನ್ನು ಪ್ರೋಗ್ರಾಮರ್ ತಾನೇ ಹೇಳಬೇಕು. ಹೇಳಿದ್ದು ನಿಜವೇ ಎಂದು ಅದು ಪರೀಕ್ಷಿಸುವುದಿಲ್ಲ. ಕೈಪಿಡಿಯ ೧೯೮೮ರ ಎರಡನೆಯ ಆವೃತ್ತಿಯಲ್ಲಿ ಪೂರ್ಣಾಂಕ, ದಶಮಾಂಶ ಮತ್ತು ಪಠ್ಯ ಈ ಮೂರನ್ನು ಮಾತ್ರ ನಿರ್ವಹಿಸುವ ಪುಟ್ಟ ಪ್ರಿಂಟ್‌ಎಫ್‌ನ ಉದಾಹರಣೆಯಿದೆ.

ಪರಿಣಾಮ

ಈ ವ್ಯವಸ್ಥೆಯು ಪ್ರೋಗ್ರಾಮರನ್ನು ಸಂಪೂರ್ಣವಾಗಿ ನಂಬುತ್ತದೆ. ಆ ನಂಬಿಕೆಯಿಂದ ಮುದ್ರಣದ ಫಂಕ್ಷನ್ ಚಿಕ್ಕದಾಗಿಯೂ ವೇಗವಾಗಿಯೂ ಉಳಿಯಿತು. ಭಾಷೆಯ ತಿರುಳಿಗೆ ಹೊರತಾಗಿ ಗ್ರಂಥಾಲಯದ ಭಾಗವಾಗಿ ಅದನ್ನು ಸಿ ಭಾಷೆಯಲ್ಲಿಯೇ ಬರೆಯಲು ಸಾಧ್ಯವಾಯಿತು. ಅದರ ಬೆಲೆ ೨೦೦೦ದ ಸುಮಾರಿಗೆ ವ್ಯಾಪಕವಾಗಿ ಅರಿವಿಗೆ ಬಂದಿತು. ಹೊರಗಿನವರು ಕಳುಹಿಸಿದ ಪಠ್ಯವನ್ನೇ ವಿನ್ಯಾಸ ಪಠ್ಯವಾಗಿ ಬಳಸಿದರೆ, ಪ್ರಿಂಟ್‌ಎಫ್ ಇಲ್ಲದ ಮೌಲ್ಯಗಳನ್ನು ಹುಡುಕುತ್ತ ಸ್ಮೃತಿಯ ಗುಟ್ಟನ್ನು ಹೊರಗೆಡಹಬಲ್ಲದು. ಶೇಕಡಾ ಚಿಹ್ನೆಯ ಮುಂದೆ ಎನ್ ಅಕ್ಷರವಿದ್ದರೆ ಸ್ಮೃತಿಗೆ ಬರೆಯಲೂ ಬಲ್ಲದು. ವಿನ್ಯಾಸ ಪಠ್ಯವನ್ನು ಪ್ರೋಗ್ರಾಮಿನಲ್ಲಿಯೇ ಸ್ಥಿರವಾಗಿ ಬರೆಯುವುದು ಇದಕ್ಕೆ ಪರಿಹಾರ. ಹಾಗೆ ಬರೆದಾಗ ಜಿಸಿಸಿ ಮುಂತಾದ ಕಂಪೈಲರುಗಳು ಪಠ್ಯವನ್ನೂ ಮೌಲ್ಯಗಳನ್ನೂ ತಾಳೆ ನೋಡಿ ಎಚ್ಚರಿಕೆ ನೀಡಬಲ್ಲವು.

೧೯೯೩ರಲ್ಲಿ ರಿಚಿಯವರು ಸಿ ಭಾಷೆಯ ಬೆಳವಣಿಗೆಯ ಇತಿಹಾಸವನ್ನು ಪ್ರಬಂಧ ರೂಪದಲ್ಲಿ ಮಂಡಿಸಿದರು. ಅದರಲ್ಲಿ ಭಾಷೆಯ ಕುಂದುಗಳನ್ನೂ ಅವು ಹುಟ್ಟಿದ ಸಂದರ್ಭಗಳನ್ನೂ ಅವರು ಮರೆಮಾಚದೆ ವಿವರಿಸಿದ್ದಾರೆ.

ಪ್ರಶಸ್ತಿಗಳು ಮತ್ತು ನಿಧನ

ಥಾಂಪ್ಸನ್ ಅವರೊಡನೆ ರಿಚಿಯವರಿಗೆ ೧೯೮೩ರಲ್ಲಿ ಟ್ಯೂರಿಂಗ್ ಪ್ರಶಸ್ತಿ, ೧೯೯೮ನೇ ಸಾಲಿನ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಹಾಗೂ ೨೦೧೧ರಲ್ಲಿ ಜಪಾನ್ ಪ್ರಶಸ್ತಿ ದೊರೆತವು. ೨೦೦೭ರಲ್ಲಿ ಅವರು ನಿವೃತ್ತರಾದರು. ೨೦೧೧ರ ಅಕ್ಟೋಬರ್ ೧೨ರಂದು ನ್ಯೂಜೆರ್ಸಿಯ ಬರ್ಕ್‌ಲಿ ಹೈಟ್ಸ್‌ನ ಮನೆಯಲ್ಲಿ ಅವರು ಮೃತರಾಗಿರುವುದು ತಿಳಿದುಬಂದಿತು. ಆಗ ಅವರಿಗೆ ೭೦ ವರ್ಷ ವಯಸ್ಸಾಗಿತ್ತು. ಒಂಟಿಯಾಗಿ ವಾಸವಾಗಿದ್ದ ಅವರ ನಿಧನದ ಸುದ್ದಿ, ಕೆಲವೇ ದಿನಗಳ ಹಿಂದೆ ತೀರಿಕೊಂಡ ಸ್ಟೀವ್ ಜಾಬ್ಸ್ ಅವರ ಸುದ್ದಿಯಷ್ಟು ಪ್ರಚಾರ ಪಡೆಯಲಿಲ್ಲ. ಫೆಡೋರಾ ೧೬ ಮತ್ತು ಫ್ರೀಬಿಎಸ್‌ಡಿ ೯.೦ ಆವೃತ್ತಿಗಳನ್ನು ಅವರ ನೆನಪಿಗೆ ಅರ್ಪಿಸಲಾಯಿತು.