ಸುರಂಜನ್ ದಾಸ್: ರಸ್ತೆಯ ಹೆಸರಿನ ಹಿಂದಿರುವ ಪೈಲಟ್



ಚಿಂತಾಮಣಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಹಳೆ ಮದ್ರಾಸ್ ರಸ್ತೆಯಲ್ಲಿ ಸುರಂಜನ್ ದಾಸ್ ರಸ್ತೆ ಎಂಬ ಹೆಸರನ್ನು ನೀವೂ ನೋಡಿರಬಹುದು. ಅಂಬಾಜಿದುರ್ಗದ ಬಂಡೆಗಳನ್ನು ಜಲವರ್ಣದಲ್ಲಿ ಬಿಡಿಸುತ್ತಾ ಚಿತ್ರ ಕಲಿತ ನಾನು ಈಗ ಹಳೆಯ ಯುದ್ಧವಿಮಾನಗಳನ್ನೂ ಬಿಡಿಸುತ್ತೇನೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಮಾರುತ್. ಅದನ್ನು ಮೊಟ್ಟಮೊದಲು ಹಾರಿಸಿದವರು ಇದೇ ದಾಸ್.

1920ರಲ್ಲಿ ಹುಟ್ಟಿದ ಅವರು ವಾಯುಪಡೆ ಸೇರಿ, ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದರು. ಯಾರೂ ಹಾರಿಸದ ವಿಮಾನವನ್ನು ತಾವು ಮೊದಲು ಹಾರಿಸಿ, ಅದರ ಗುಣದೋಷಗಳನ್ನು ಎಂಜಿನಿಯರುಗಳಿಗೆ ತಿಳಿಸುವುದು ಅವರ ಕೆಲಸ. ಆಗ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಹಾಗೂ ನಮ್ಮ ಎಂಜಿನಿಯರುಗಳು ಮಾರುತ್ ವಿಮಾನವನ್ನು ರೂಪಿಸುತ್ತಿದ್ದರು. ನಾವು ಬಣ್ಣ ಹಚ್ಚುವ ಮುಂಚೆ ಪೆನ್ಸಿಲ್ ಗೆರೆ ಹಾಕಿಕೊಳ್ಳುವಂತೆ, ಅವರು ಮೊದಲು ಅದೇ ಆಕಾರದ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ಮಾಡಿದರು. 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿತು. ಆಕಾಶದಲ್ಲಿ ಹಗ್ಗ ಬಿಡಿಸಿಕೊಂಡ ಮೇಲೆ ದಾಸ್ ಅದನ್ನು ತೇಲಿಸುತ್ತಾ ಇಳಿಸಿದರು. 1961ರ ಜೂನ್ 17ರಂದು ನಿಜವಾದ ಮಾರುತ್ ಅವರ ಕೈಯಲ್ಲೇ ಹಾರಿತು. 1964ರಲ್ಲಿ ಕಿರಣ್ ತರಬೇತಿ ವಿಮಾನದ ಮೊದಲ ಹಾರಾಟ ನಡೆಸಿದವರೂ ಅವರೇ.

ಶಬ್ದಕ್ಕಿಂತ ವೇಗವಾಗಿ ಹಾರಲೆಂದು ರೂಪಿಸಿದ್ದರೂ ಮಾರುತ್‌ಗೆ ಎಂಜಿನ್‌ಗಳ ಶಕ್ತಿ ಸಾಲುತ್ತಿರಲಿಲ್ಲ. ಶಕ್ತಿ ಹೆಚ್ಚಿಸಿದ ಮಾದರಿಯ ಪರೀಕ್ಷೆ ನಡೆಯುತ್ತಿದ್ದಾಗ, 1970ರ ಜನವರಿ 10ರಂದು ಬೆಂಗಳೂರಿನಲ್ಲೇ ವಿಮಾನ ಅಪಘಾತಕ್ಕೀಡಾಗಿ ಅವರು ಪ್ರಾಣ ಕಳೆದುಕೊಂಡರು. ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ನೀಡಿತು. ಮರುವರ್ಷದ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಹೋರಾಡಿದ್ದನ್ನು ಕಾಣಲು ಅವರು ಇರಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಮಾರುತ್ ಇದೆ. ಬಿಡಿಸಲು ಆಸಕ್ತಿಯಿರುವವರು ಅದನ್ನು ನೋಡಿ ಬನ್ನಿ. ಅದರ ಬೂದುಬಣ್ಣಕ್ಕೆ ನಮ್ಮ ಬೆಟ್ಟದ ಬಂಡೆಗೆ ಬಳಸುವ ಬಣ್ಣವನ್ನೇ ತೆಳುವಾಗಿ ಹಚ್ಚಿದರೆ ಸಾಕು. ಹೊಳೆಯುವ ಜಾಗಕ್ಕೆ ಬಣ್ಣ ತಾಗಿಸದೆ ಕಾಗದವನ್ನು ಬೆಳ್ಳಗೆ ಬಿಡಬೇಕು. ಪೈಲಟ್ ಕೂರುವ ಜಾಗದ ಗಾಜನ್ನೂ ಹಾಗೆಯೇ ಖಾಲಿ ಬಿಡುವುದು ಸುಲಭ. ನಾನು ಮಾತ್ರ ಆ ಗಾಜಿನೊಳಗೆ ಹೆಲ್ಮೆಟ್ ತೊಟ್ಟ ಒಬ್ಬರನ್ನು ಚಿಕ್ಕದಾಗಿ ಬಿಡಿಸುತ್ತೇನೆ. ಯಾರೆಂದು ಕೇಳಿದವರಿಗೆ ದಾಸ್ ಅವರ ಹೆಸರು ಹೇಳುತ್ತೇನೆ.