ಪಾಬ್ಲೊ ಕಸಾಲ್ಸ್

ಪಿಟೀಲಿನ ಜಾತಿಗೆ ಸೇರಿದ ಚೆಲ್ಲೊ ಗಂಭೀರ ನಾದದ ವಾದ್ಯ. ಅದನ್ನು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವರು. ಈ ವಾದ್ಯಕ್ಕೆ ಲೋಕಮನ್ನಣೆ ತಂದವರಲ್ಲಿ ಪಾಬ್ಲೊ ಕಸಾಲ್ಸರು ಅಗ್ರಗಣ್ಯರು.

ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತದ ಎಲ್ ವೆಂಡ್ರೆಲ್ ಎಂಬ ಊರಿನಲ್ಲಿ 1876ರ ಡಿಸೆಂಬರ್ 29ರಂದು ಅವರು ಜನಿಸಿದರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ತಂದೆಯೇ ಮೊದಲ ಗುರು. 13ನೆಯ ವಯಸ್ಸಿನಲ್ಲಿ ಬಾರ್ಸಿಲೋನದ ಅಂಗಡಿಯೊಂದರಲ್ಲಿ ಬಾಕ್ ರಚಿಸಿದ ಆರು ಚೆಲ್ಲೊ ಕೃತಿಗಳು ಅವರ ಕಣ್ಣಿಗೆ ಬಿದ್ದವು. ಸುಮಾರು 12 ವರ್ಷ ಸಾಧನೆ ಮಾಡಿದ ಬಳಿಕವೇ ಅವುಗಳನ್ನು ಸಭೆಯಲ್ಲಿ ನುಡಿಸಿದರು. 1899ರಲ್ಲಿ ಪ್ಯಾರಿಸ್ಸಿನಲ್ಲಿ ವಾದ್ಯವೃಂದದೊಡನೆ ಲಾಲೊನ ಕೃತಿಯನ್ನು ನುಡಿಸಿ ಪ್ರಖ್ಯಾತರಾದರು.

1920ರಲ್ಲಿ ಕಸಾಲ್ಸರು ಸ್ವಂತ ಹಣವನ್ನು ವ್ಯಯಿಸಿ ಬಾರ್ಸಿಲೋನದಲ್ಲಿ ವಾದ್ಯವೃಂದವೊಂದನ್ನು ಕಟ್ಟಿದರು. ಕಾರ್ಮಿಕರಿಗಾಗಿಯೇ ಕಚೇರಿಗಳನ್ನು ಏರ್ಪಡಿಸಿದರು. 1936ರ ಜುಲೈ 18ರಂದು ಆ ವೃಂದ ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಅಭ್ಯಾಸ ಮಾಡುತ್ತಿದ್ದಾಗ, ಸೇನೆ ದಂಗೆಯೆದ್ದಿದೆ, ಮರುದಿನದ ಕಚೇರಿ ರದ್ದಾಗಿದೆ ಎಂಬ ವಾರ್ತೆ ಬಂದಿತು. ಆದರೂ ವಾದಕರು, ಗಾಯಕರು ಯಾರೂ ಕದಲಲಿಲ್ಲ. ಮಾನವರೆಲ್ಲ ಸೋದರರೆಂದು ಸಾರುವ ಅದರ ಕೊನೆಯ ಭಾಗವನ್ನು ಪೂರ್ಣಗೊಳಿಸಿಯೇ ಬೀಳ್ಕೊಂಡರು.

1939ರಲ್ಲಿ ಫ್ರಾಂಕೊನ ಸರ್ವಾಧಿಕಾರ ನೆಲೆಗೊಂಡಿತು. ಕಸಾಲ್ಸರು ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ನೆಲೆಸಿ ನಿರಾಶ್ರಿತರ ಸೇವೆಗೆ ನಿಂತರು. ಮಹಾಯುದ್ಧ ಮುಗಿದ ಮೇಲೂ ಪ್ರಬಲ ರಾಷ್ಟ್ರಗಳು ಫ್ರಾಂಕೊನನ್ನು ಸಹಿಸಿಕೊಂಡಾಗ, ಕೀರ್ತಿ ಧನಗಳೆರಡನ್ನೂ ತೊರೆದು ಕಚೇರಿಗಳನ್ನೇ ನಿಲ್ಲಿಸಿಬಿಟ್ಟರು. ಅವರ ಮೌನವೇ ಪ್ರತಿಭಟನೆಯಾಯಿತು. 1950ರಲ್ಲಿ, ಬಾಕ್ ಗತಿಸಿ 200 ವರ್ಷ ತುಂಬಿದಾಗ, ಹಲವು ದೇಶಗಳ ಸಂಗೀತಗಾರರು ಪ್ರಾದ್‌ಗೇ ಬಂದು ಅವರೊಡನೆ ನುಡಿಸಿದರು.

1973ರ ಅಕ್ಟೋಬರ್ 22ರಂದು ಕಸಾಲ್ಸರು ಪೋರ್ಟೊರಿಕೊ ದ್ವೀಪದಲ್ಲಿ ನಿಧನರಾದರು. ಸ್ಪೇನಿನಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ, 1979ರಲ್ಲಿ, ಹುಟ್ಟೂರು ಅವರ ಪಾರ್ಥಿವ ಶರೀರವನ್ನು ತನ್ನ ಮಡಿಲಿಗೆ ಸೇರಿಸಿಕೊಂಡಿತು.